ಷಡ್ಜ ಮುಟ್ಟದೆ ಹೊರಡೋ ಹಾಡು: ಇಪನೇಮಾದ ಹುಡುಗಿ

ಬಾರಲ್ಲಿ ಕೂತಿದ್ದ ಇಬ್ರು ಗೆಳೆಯರು, ಎದುರು ರಸ್ತೇಲಿ ಬೀಚ್ ಕಡೆ ನಡ್ಕೊಂಡು ಹೋಗ್ತಿದ್ದ ಒಂದು ಹುಡುಗೀನ ನೋಡಿದ್ರು, ಅಲ್ಲೇ ಟೇಬಲ್ ಮೇಲಿದ್ದ ಟಿಶ್ಯೂ ಪೇಪರ್ ಎಳ್ಕೊಂಡು ಒಂದು ಹಾಡು ಗೀಚಿದ್ರು, ಅದು ಪ್ರಪಂಚ ಪೂರ್ತಿ ಹಬ್ಬಿಬಿಡ್ತು. ‘ಗರೋಟಾ ದೆ ಇಪನೇಮಾ’, ಅಂದ್ರೆ ಇಂಗ್ಲಿಷಿನ ‘ದ ಗರ್ಲ್ ಫ್ರಮ್ ಇಪನೇಮಾ’ ಹುಟ್ಟಿದ ಬಗ್ಗೆ ಎಲ್ರೂ ಹೇಳೋ ಕತೆ ಇದೇ. ಚೆನ್ನಾಗೇ ಇದೆ ಕತೆ. ಅದರಲ್ಲಿ ಬಾರ್ ನಿಜ, ಹುಡುಗಿ ನಿಜ, ಕುಡಿತ ಅಂತೂ ನೂರಕ್ಕೆ ನೂರು ನಿಜ. ಹಾಡು ಬರೆದಿದ್ದು ಮಾತ್ರ ಅಲ್ಲಲ್ಲ.

ಬಾರ್ ಹೆಸರು ವೆಲೋಸೊ. ಬ್ರೆಜಿಲ್‌ನ ರಿಯೋ ಡಿ ಜನೈರೋದ ಇಪನೇಮಾ ಅನ್ನೋ ಸಮುದ್ರತೀರದ ಬಡಾವಣೇಲಿ, ಮೋಂಟೆನೆಗ್ರೊ ರಸ್ತೆ ಮೂಲೇಲಿತ್ತು. 1962ರಲ್ಲಿ ಸಂಗೀತಗಾರ ಟಾಮ್ ಜೋಬಿಂ ಮತ್ತೆ ಕವಿ ವಿನೀಸಿಯಸ್ ದ ಮೊರಾಯಿಸ್ ಅಲ್ಲಿ ಖಾಯಂ ಗಿರಾಕಿಗಳು. ಅದೇ ರಸ್ತೇಲಿ ಮನೆಯಿದ್ದ ಎಲೋ ಅನ್ನೋ ಹುಡುಗಿ, ಇನ್ನೂ ಹದಿಹರೆಯ, ಬಾರ್ ಮುಂದೆ ದಿನಾ ಓಡಾಡ್ತಿದ್ಲು. ಬೀಚಿಗೆ ಮಾತ್ರ ಅಲ್ಲ, ಎಲ್ಲ ಕೆಲಸಕ್ಕೂ ಅದೇ ದಾರಿ, ಕೆಲವು ಸಲ ಅಮ್ಮನಿಗೆ ಸಿಗರೇಟ್ ತಗೊಳ್ಳೋಕೆ ಒಳಗೂ ಬರ್ತಿದ್ಲು, ಕೂತಿರೋರು ಶಿಳ್ಳೆ ಹೊಡೀತಿದ್ರು. ಬಾರ್ ಸಂಬಂಧ ಅಲ್ಲಿಗೆ ಮುಗೀತು. ಜೋಬಿಂ ಟ್ಯೂನ್ ಮಾಡಿದ್ದು ಬಾರಾಂವ್ ದ ತೊರ್ರೆ ರಸ್ತೇಲಿದ್ದ ತನ್ನ ಮನೇಲಿ, ಪಿಯಾನೊ ಮುಂದೆ, ಒಂದೊಂದು ಸ್ವರಾನೂ ಅಳೆದು ಸುರಿದು. ವಿನೀಸಿಯಸ್ ಸಾಹಿತ್ಯ ಬರೆದದ್ದು ರಿಯೋದಿಂದ ಮೇಲೆ ಬೆಟ್ಟದಲ್ಲಿರೋ ಪೆಟ್ರೊಪೊಲಿಸ್ ಅನ್ನೋ ಊರಲ್ಲಿ, ಅದೂ ಒಂದೇ ಏಟಿಗೆ ಬರಲಿಲ್ಲ, ಸಾಕಷ್ಟು ಒದ್ದಾಡಿ. ಇದು ಮೊದಲು ‘ಬ್ಲಿಂಪ್’ ಅನ್ನೋ ಸಂಗೀತ ನಾಟಕಕ್ಕೆ ಅಂತ ಶುರುವಾದದ್ದು. ಆ ನಾಟಕ ವಿನೀಸಿಯಸ್ ತಲೇಲೇ ಉಳ್ಕೊಂಡ್ತು, ರಂಗಕ್ಕೆ ಬರಲೇ ಇಲ್ಲ.

ಮೊದಲ ಡ್ರಾಫ್ಟ್‌ಗೆ ಹೆಸರು ‘ಹಾದುಹೋಗೋ ಹುಡುಗಿ’ ಅನ್ನೋ ಅರ್ಥದ್ದು. ಅದರಲ್ಲಿ ಹುಡುಗಿಗಿಂತ ಮುಂಚೆ ಬರೋನು ಎಲ್ಲದರಿಂದ ಸುಸ್ತಾಗಿರೋ ಒಬ್ಬ ಗಂಡಸು. ಸುತ್ತಿದ ದಾರಿಗಳಿಂದ ಸುಸ್ತು, ಕವಿತೆ ಇಲ್ಲ, ಹಕ್ಕಿ ಇಲ್ಲ, ಬದುಕಂದ್ರೆ ಭಯ, ಪ್ರೀತಿ ಅಂದ್ರೂ ಭಯ. ಇಬ್ರಿಗೂ ಹಿಡಿಸಲಿಲ್ಲ, ಕಿತ್ತು ಹೊಸದಾಗಿ ಬರೆದ್ರು. ಕಿತ್ತು ಹಾಕಿದ್ದು ಒಳ್ಳೇದೇ ಆಯ್ತು ಅಂತ ಒಪ್ಪಿದ್ರೂ, ಆ ಸುಸ್ತಾದ ಮನುಷ್ಯ ಹಾಡಿಂದ ಪೂರ್ತಿ ಹೋಗಿಲ್ಲ ಅಂತ ನನಗನ್ಸತ್ತೆ. ಎಲ್ಲಿ ಅಡಗಿದಾನೆ ಅಂತ ಮುಂದೆ ಹೇಳ್ತೀನಿ.

ನಮ್ಮಲ್ಲಿ ಭಾವಗೀತೆ ಅಂದ್ರೆ ಮೊದಲು ಕವಿತೆ, ಆಮೇಲೆ ಯಾರೋ ಅದಕ್ಕೆ ರಾಗ ಹಾಕ್ತಾರೆ. ಸಿನಿಮಾ ಹಾಡಾದ್ರೆ ಬಹುತೇಕ ಮೊದಲು ಟ್ಯೂನು, ಆಮೇಲೆ ಅದರ ಅಳತೆಗೆ ಮಾತು. ಇದು ಎರಡನೇ ಜಾತಿದು, ಆದ್ರೆ ಬರೆದೋನು ಮಾತ್ರ ಮೊದಲನೇ ಜಾತಿಯೋನು. ವಿನೀಸಿಯಸ್ 1913ರಲ್ಲಿ ಹುಟ್ಟಿದೋರು, ಪುಸ್ತಕಗಳು ಬಂದಿದ್ದ ಹೆಸರಾಂತ ಕವಿ, ಮೇಲಾಗಿ ಬ್ರೆಜಿಲ್ ವಿದೇಶಾಂಗ ಸೇವೇಲಿ ಅಧಿಕಾರಿ. ಜೋಬಿಂ ಅವರಿಗಿಂತ 14 ವರ್ಷ ಚಿಕ್ಕೋರು, 1927. ಇಬ್ಬರ ಜೋಡಿ ಶುರುವಾಗಿದ್ದು 1956ರಲ್ಲಿ, ವಿನೀಸಿಯಸ್ ಬರೆದ ನಾಟಕಕ್ಕೆ ಜೋಬಿಂ ಸಂಗೀತ ಮಾಡಿದಾಗ. ಆ ನಾಟಕದ ರಂಗಸಜ್ಜಿಕೆ ಆಸ್ಕರ್ ನೀಮೆಯರ್ ಅವರದ್ದು, ಅಂದ್ರೆ ಮುಂದೆ ಬ್ರೆಜಿಲ್‌ನ ಹೊಸ ರಾಜಧಾನಿ ಬ್ರೆಸಿಲಿಯಾದ ಕಟ್ಟಡಗಳನ್ನ ಮಾಡಿದ ಅದೇ ನೀಮೆಯರ್. ಆ ಕಾಲದ ರಿಯೋ ಹಂಗಿತ್ತು, ಕವಿ, ಆರ್ಕಿಟೆಕ್ಟ್, ಪಿಯಾನೊ ನುಡಿಸೋನು ಎಲ್ಲ ಒಂದೇ ಟೇಬಲ್ ಸುತ್ತ.

ಈಗ ಟ್ಯೂನಿಗೆ ಬರ್ತೀನಿ, ಯಾಕಂದ್ರೆ ನನಗೆ ಈ ಹಾಡಿನ ಹುಚ್ಚು ಹಿಡಿಸಿದ್ದು ಅದೇ. ಈ ಹಾಡನ್ನ ತುಂಬ ಜನ ಕೇಳಿರ್ತಾರೆ ಆದ್ರೆ ಕಿವಿ ಕೊಟ್ಟಿರಲ್ಲ. ಲಿಫ್ಟಲ್ಲಿ, ಹೋಟೆಲ್ ಲಾಬಿಲಿ, ಕಸ್ಟಮರ್ ಕೇರ್‌ನೋರು ಹೋಲ್ಡಲ್ಲಿ ಹಾಕಿದಾಗ. 1980ರ ಒಂದು ಹಾಲಿವುಡ್ ಕಾಮಿಡೀಲಿ ಹೊರಗೆ ಪೊಲೀಸು ಮಿಲಿಟರಿ ಎಲ್ಲ ನುಗ್ತಿರುವಾಗ ಹೀರೋಗಳು ಲಿಫ್ಟೊಳಗೆ ಸುಮ್ನೆ ನಿಂತಿರ್ತಾರೆ, ಹಿಂದೆ ಇದೇ ಟ್ಯೂನು. ಅಲ್ಲಿಂದ ‘ಲಿಫ್ಟ್ ಮ್ಯೂಸಿಕ್’ ಅಂದ್ರೆ ಇದೇ ಅಂತ ಆಗೋಯ್ತು. ಮೆತ್ತಗಿದೆ, ಯಾರಿಗೂ ತೊಂದ್ರೆ ಕೊಡಲ್ಲ, ಹಿಂದೆ ಓಡ್ತಿರತ್ತೆ.

ಸ್ವಲ್ಪ ಕರ್ನಾಟಕ ಸಂಗೀತ ಕಲಿತಿರೋರು ಒಂದು ಕೆಲಸ ಮಾಡಿ, ಇದರ ಮೊದಲ ಸಾಲನ್ನ ಸ್ವರ ಹಾಕಿ ಹಾಡ್ಕೊಳ್ಳಿ. ಪಾಶ್ಚಾತ್ಯರ ಎಫ್ ಸ್ವರಾನ ಷಡ್ಜ, ಅಂದ್ರೆ ಆಧಾರ ಸ್ವರ ಸ, ಅಂತ ಇಟ್ಕೊಂಡ್ರೆ ರಿ ನಿ ನಿ ದ, ರಿ ನಿ ನಿ ನಿ ದ, ಹೀಗೇ ಹೋಗತ್ತೆ. ರಿ ಮೇಲಿಂದು, ನಿ ದ ಎರಡೂ ಕೆಳಗಿನ ಸ್ಥಾಯಿದು. ಮೂರೇ ಸ್ವರ. ಷಡ್ಜದ ಆ ಕಡೆ ಒಂದು ಹೆಜ್ಜೆ ಈ ಕಡೆ ಒಂದು ಹೆಜ್ಜೆ ಹಾಕ್ತಾನೇ ಇರತ್ತೆ, ಷಡ್ಜದ ಮೇಲೆ ಮಾತ್ರ ಕಾಲಿಡಲ್ಲ! ಆಮೇಲೆ ಅದೇ ಆಕಾರ ಒಂದು ಮೆಟ್ಟಿಲು ಕೆಳಗೆ ಇಳಿಯತ್ತೆ, ಆಗ ಸ ಬರತ್ತೆ, ಬಂದ್ರೂ ನಿಲ್ಲೋಕಲ್ಲ, ಹಂಗೇ ಜಾರಿ ಹೋಗೋಕೆ. ಇನ್ನೊಂದು ಮೆಟ್ಟಿಲು ಇಳಿದು ಕೊನೆಗೆ ಪಂಚಮದಲ್ಲಿ ನಿಲ್ಲತ್ತೆ. ಕೆಳಗೆ ಗಿಟಾರು ಷಡ್ಜದ ಮನೇಲೇ ಕೂತಿದೆ, ಮೇಲಿನ ಕೊರಳು ಮನೆ ಮುಂದೇನೇ ಓಡಾಡ್ತಾ ಒಳಗೆ ಬರ್ತಿಲ್ಲ. ಆ ತೇಲೋ ಫೀಲಿಂಗ್ ಇದ್ಯಲ್ಲ, ಬೀಚು ಗಾಳಿ ಅಂತೆಲ್ಲ ಜನ ವರ್ಣಿಸೋದು, ಅದಕ್ಕೆ ಇಷ್ಟು ಕರಾರುವಾಕ್ಕಾದ ಕಾರಣ ಇದೆ ಅಂತ ಗೊತ್ತಾದಾಗ ನನಗಂತೂ ಖುಷಿ ತಡಿಯೋಕಾಗಲಿಲ್ಲ.

ಇದಿನ್ನೂ ಸುಲಭದ ಭಾಗ. ಇದೇ ಎಂಟು ಬಾರು (ಇಲ್ಲಿ ಬಾರ್ ಅಂದ್ರೆ ತಾಳದ ಒಂದು ಆವರ್ತ) ಎರಡು ಸಲ ಆದ್ಮೇಲೆ ನಡುಭಾಗ ಬರತ್ತೆ, ಪಾಶ್ಚಾತ್ಯರು ಬ್ರಿಡ್ಜ್ ಅಂತಾರೆ. ಉಳಿದ ಭಾಗ ಎಂಟೆಂಟು ಬಾರಾದ್ರೆ ಇದು ಹದಿನಾರು. ಇಲ್ಲಿ ಹಾಡೋನು ‘ಅಯ್ಯೋ ನಾನ್ಯಾಕೆ ಇಷ್ಟು ಒಂಟಿ’ ಅಂತಾನೆ, ಅನ್ನೋ ಕ್ಷಣಕ್ಕೆ ಕೆಳಗಿನ ನೆಲಾನೇ ಅರ್ಧ ಸ್ವರ ಮೇಲಕ್ಕೆ ಸರಿಯತ್ತೆ. ಎಫ್‌ನಲ್ಲಿದ್ದ ಮನೆ ಜಿ ಫ್ಲಾಟ್‌ಗೆ ಹೋಯ್ತು. ಅದಕ್ಕೆ ಹೊಂದ್ಕೊಳ್ಳೋದ್ರೊಳಗೆ ಇನ್ನೊಂದು ಕಡೆ, ಮತ್ತೆ ಇನ್ನೊಂದು ಕಡೆ. ಒಂದೇ ನಿಟ್ಟುಸಿರು, ಮೂರು ಸಲ, ಪ್ರತಿ ಸಲ ಇನ್ನೂ ಮೇಲಿನ ಸ್ವರದಲ್ಲಿ. ತಂಬೂರಿ ಶ್ರುತೀಲಿ ಬೆಳೆದ ಕಿವಿಗೆ ಇದು ತಮಾಷೆ ಅಲ್ಲ. ನಮಗೆ ಷಡ್ಜ ಅಂದ್ರೆ ಅಲ್ಲಾಡಬಾರದು, ಏನು ಬೇಕಾದ್ರೂ ಮಾಡು ಅದನ್ನ ಬಿಟ್ಟು ಅಂತ ಪಾಠ. ಷಡ್ಜ ಬದಲಿಸಿ ಬೇರೆ ರಾಗ ತೋರಿಸೋ ಗ್ರಹಭೇದ ಮಾಡೋರೂ ಒಂದೆರಡು ನಿಮಿಷ ಆಸೆ ತೋರಿಸಿ ವಾಪಸ್ ಬರ್ತಾರೆ, ಅಷ್ಟೊತ್ತೂ ಹಿಂದೆ ತಂಬೂರಿ ಹಳೇ ಷಡ್ಜನೇ ಹೇಳ್ತಿರತ್ತೆ. ಇಲ್ಲಿ ತಂಬೂರೀನೇ ಇಲ್ಲ, ಹಿಡ್ಕೊಳ್ಳೋಕೆ ಏನೂ ಇಲ್ಲ.

ಆ ಸುಸ್ತಾದ ಮನುಷ್ಯ ಅಡಗಿರೋದು ಇಲ್ಲೇ. ಮಾತಿಂದ ಅವನನ್ನ ಓಡಿಸಿದ್ರು, ಸ್ವರದಿಂದ ಓಡಿಸೋಕಾಗಲಿಲ್ಲ. ಆಮೇಲೆ ಮತ್ತೆ ಮೊದಲಿನ ಎಂಟು ಬಾರು ಬರತ್ತೆ, ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಅದೇ ರಿ ನಿ ನಿ ದ. ಲಿಫ್ಟಲ್ಲಿ ಹಾಕೋರು ಈ ಹದಿನಾರು ಬಾರು ಯಾವತ್ತೂ ಕೇಳಿಲ್ಲ ಅಂತ ನನ್ನ ಅನುಮಾನ, ಕೇಳಿದ್ರೆ ಲಿಫ್ಟಲ್ಲಿ ಹಾಕ್ತಿರಲಿಲ್ಲ.

ಇಷ್ಟೆಲ್ಲ ಕಷ್ಟ ಇಟ್ಕೊಂಡೂ ಹಾಡು ಸಲೀಸಾಗಿ ಕೇಳ್ಸೋಕೆ ಕಾರಣ ಮೂರನೇ ವ್ಯಕ್ತಿ, ಜೊವಾವ್ ಜಿಲ್ಬೆರ್ಟೊ. ಬಯೀಯ ರಾಜ್ಯದ ಜುವಾಜೇರೊ ಅನ್ನೋ ಒಳನಾಡಿನ ಊರಿನೋನು. 1950ರ ದಶಕದ ಮಧ್ಯದಲ್ಲಿ ರಿಯೋದಲ್ಲಿ ನೆಲೆ ಸಿಗದೆ ಅಲೆದಾಡಿ, ಮಿನಾಸ್ ಜೆರಾಯಿಸ್‌ನ ಡಿಯಮಾಂಟಿನಾ ಊರಲ್ಲಿದ್ದ ಅಕ್ಕನ ಮನೆ ಸೇರ್ಕೊಂಡ. ಅಲ್ಲಿ ಬಾತ್‌ರೂಮಲ್ಲಿ ಕೂತು, ಟೈಲ್ಸಿಂದ ವಾಪಸ್ ಬರೋ ದನಿ ಕೇಳ್ಕೊಂಡು, ತಿಂಗಳುಗಟ್ಟಲೆ ಒಂದೇ ಅಭ್ಯಾಸ. ಆಚೆ ಬಂದಾಗ ಕೈಲಿ ಒಂದು ಹೊಸ ಬೀಟ್ ಇತ್ತು. ಸಾಂಬಾ ಮೇಳದಲ್ಲಿ ಸುರ್ದು ಅನ್ನೋ ದೊಡ್ಡ ಡೋಲು ಹಾಕೋ ಭಾರದ ಪೆಟ್ಟು ಹೆಬ್ಬೆರಳಿಗೆ, ತಾಂಬೊರಿಂ ಅನ್ನೋ ಪುಟಾಣಿ ತಮಟೆಯ ತುಂಡು ತುಂಡು ಲಯ ಮಿಕ್ಕ ಬೆರಳುಗಳಿಗೆ. ಬೀದಿ ತುಂಬೋ ಕಾರ್ನಿವಲ್ ಮೇಳ ಒಂದು ಗಿಟಾರೊಳಗೆ ಬಂತು. ಅದರ ಮೇಲೆ ಅವನ ಹಾಡಿಕೆ, ಮಾತಾಡೋಷ್ಟೇ ದನೀಲಿ, ಕಂಪನ ಇಲ್ಲ, ಅಲಂಕಾರ ಇಲ್ಲ. ಆದ್ರೆ ಸಾಹಿತ್ಯ ಮಾತ್ರ ತಾಳದ ಮೇಲೆ ಸರಿಯಾಗಿ ಬೀಳಲ್ಲ, ಕೆಲವು ಸಲ ಮುಂಚೆ, ಕೆಲವು ಸಲ ತಡವಾಗಿ. ನಮ್ಮ ಅತೀತ ಅನಾಗತ ಅಂತೀವಲ್ಲ, ಅದೇ, ಆದ್ರೆ ಲೆಕ್ಕ ತೋರಿಸ್ದೆ. ಗಿಟಾರ್ ಹೆಬ್ಬೆರಳು ಒಂಚೂರೂ ಅಲ್ಲಾಡಲ್ಲ, ಕೊರಳು ಮಾತ್ರ ತನಗೆ ಬೇಕಾದಾಗ ಬಂದು ಸೇರ್ಕೊಳತ್ತೆ. 1958ರಲ್ಲಿ ಓಡಿಯನ್ ಕಂಪನೀಲಿ ರೆಕಾರ್ಡ್ ಮಾಡುವಾಗ ಕೊರಳಿಗೊಂದು ಗಿಟಾರಿಗೊಂದು ಅಂತ ಎರಡು ಮೈಕ್ ಕೊಡಿ ಅಂತ ಹಟ ಹಿಡಿದಿದ್ನಂತೆ, ಆಗಿನ ಕಾಲಕ್ಕೆ ಅದು ಅಧಿಕಪ್ರಸಂಗ. ಆ ರೆಕಾರ್ಡಿಂದಾನೇ ಬೋಸಾ ನೋವಾ, ಅಂದ್ರೆ ಸಾಂಬಾದಿಂದ ಹುಟ್ಟಿದ ಈ ತಗ್ಗಿದ ದನಿಯ ಶೈಲಿ, ಶುರು ಅಂತ ಲೆಕ್ಕ.

ಇಪನೇಮಾ ಹಾಡನ್ನ ಜನರ ಮುಂದೆ ಮೊದಲು ಹಾಡಿದ್ದು 1962ರ ಆಗಸ್ಟ್ 2ಕ್ಕೆ, ಕೋಪಕಬಾನಾದ ಔ ಬೋನ್ ಗೂರ್ಮೆ ಅನ್ನೋ ರೆಸ್ಟೋರೆಂಟಲ್ಲಿ. ಜೋಬಿಂ, ವಿನೀಸಿಯಸ್, ಜಿಲ್ಬೆರ್ಟೊ ಮೂರೂ ಜನ ಒಂದೇ ಸ್ಟೇಜ್ ಮೇಲೆ ಸೇರಿದ್ದು ಆ ಶೋಲಿ ಮಾತ್ರ. ಹಾಡಿಗೆ ಮುಂಚೆ ಚಿಕ್ಕ ಪೀಠಿಕೆ ಇತ್ತು. ಜೊವಾವ್ ಹಾಡ್ತಾ ಟಾಮ್‌ನ ಕೇಳ್ತಾನೆ, ಪ್ರೀತಿ ಅಂದ್ರೇನು ಅಂತ ಹೇಳೋ ಒಂದು ಹಾಡು ಮಾಡಬಾರ್ದಾ ಅಂತ. ಟಾಮ್ ಅಂತಾನೆ, ವಿನೀಸಿಯಸ್ ಕವಿತೆ ಇಲ್ಲದೆ ಹೆಂಗೆ. ವಿನೀಸಿಯಸ್ ಅಂತಾರೆ, ಹಾಡೋಕೆ ಜೊವಾವ್ ಬೇಕಲ್ಲ. ಜೊವಾವ್ ‘ನಾನ್ಯಾವ ಲೆಕ್ಕ, ಮೂರೂ ಜನ ಸೇರಿ ಹಾಡೋಣ’ ಅಂತಾನೆ, ಅಲ್ಲಿಂದ ಹಾಡು ಶುರು. ಯಾರೋ ಟೇಪ್ ಮಾಡಿಟ್ಟ ಒರಟು ರೆಕಾರ್ಡಿಂಗ್ ಉಳ್ಕೊಂಡಿದೆ, ಪ್ಲೇಟು ಗ್ಲಾಸಿನ ಸದ್ದಿನ ನಡುವೆ. ಹುಡುಕಿ ಕೇಳಿ.

ಅದೇ ವರ್ಷ ನವೆಂಬರ್ 21ಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲಲ್ಲಿ ಬೋಸಾ ನೋವಾ ಕಛೇರಿ ಆಯ್ತು, ಜೋಬಿಂ ಜಿಲ್ಬೆರ್ಟೊ ಇಬ್ರೂ ಅಮೆರಿಕದಲ್ಲೇ ಉಳ್ಕೊಂಡ್ರು. 1963ರ ಮಾರ್ಚ್ 18 ಮತ್ತು 19, ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಜೊತೆ ಆಲ್ಬಮ್. ಪ್ರೊಡ್ಯೂಸರ್ ವರ್ವ್ ಕಂಪನಿಯ ಕ್ರೀಡ್ ಟೇಲರ್, ಡ್ರಮ್ಸಿಗೆ ಮಿಲ್ಟನ್ ಬನಾನಾ. ಗೆಟ್ಜ್ ನುಡಿಸೋ ರೀತಿ ಜಿಲ್ಬೆರ್ಟೊಗೆ ಹಿಡಿಸ್ಲಿಲ್ಲ, ‘ಈ ಗ್ರಿಂಗೊ (ವಿದೇಶಿ) ಪೆದ್ದ ಅಂತ ಹೇಳು’ ಅಂತ ಪೋರ್ಚುಗೀಸಲ್ಲಿ ಅಂದ್ನಂತೆ, ಅದನ್ನ ಜೋಬಿಂ ಇಂಗ್ಲಿಷಿಗೆ ತಿರುಗಿಸಿ ‘ನಿಮ್ಮ ಜೊತೆ ರೆಕಾರ್ಡ್ ಮಾಡೋದು ಇವನ ಕನಸಂತೆ’ ಅಂದ್ನಂತೆ, ಗೆಟ್ಜ್‌ಗೆ ಆ ದನೀಲೇ ವಿಷಯ ತಿಳೀತಂತೆ. ಎಷ್ಟು ನಿಜವೋ, ಬ್ರೆಜಿಲಿಯನ್ನರು ಹೇಳಿ ಹೇಳಿ ನಗೋ ಕತೆ ಇದು.

ಆ ಸೆಷನ್ನಲ್ಲಿ ಇಂಗ್ಲಿಷ್ ಚರಣ ಹಾಡೋಕೆ ಯಾರೂ ಇರಲಿಲ್ಲ. ಜೊವಾವ್ ಹೆಂಡ್ತಿ ಆಸ್ಟ್ರೂಡ್, ವಯಸ್ಸು ಇನ್ನೂ ಇಪ್ಪತ್ತಮೂರಕ್ಕೆ ಬಂದಿರಲಿಲ್ಲ, ಅಲ್ಲೇ ಇದ್ಲು, ವೃತ್ತಿ ಗಾಯಕಿ ಅಲ್ಲ, ಇಂಗ್ಲಿಷ್ ಬರ್ತಿತ್ತು. ಹಾಡಿದ್ಲು. ಹಾಡ್ಸಿದ್ದು ಯಾರ ಐಡಿಯಾ ಅನ್ನೋದಕ್ಕೆ ಆಮೇಲೆ ಪ್ರತಿಯೊಬ್ರೂ ಕೈ ಎತ್ತಿದ್ರು, ಅದು ಆಕೆಗೆ ಕೊನೇವರೆಗೂ ಕಿರಿಕಿರಿ. ಆಲ್ಬಮ್ ಒಂದು ವರ್ಷ ಡಬ್ಬದಲ್ಲೇ ಇತ್ತು. 1964ರ ಮಾರ್ಚಲ್ಲಿ ಬಂತು, ಐದು ನಿಮಿಷದ ಮೇಲಿದ್ದ ಹಾಡನ್ನ ರೇಡಿಯೋಗೆ ಅಂತ ಕತ್ತರಿಸಿ ಮೂರು ನಿಮಿಷದೊಳಗೆ ಸಿಂಗಲ್ ಮಾಡಿದ್ರು. ಕತ್ತರಿ ಬಿದ್ದಿದ್ದು ಜೊವಾವ್ ಹಾಡಿದ ಪೋರ್ಚುಗೀಸ್ ಭಾಗಕ್ಕೇ! ಬೋಸಾ ನೋವಾ ಹುಟ್ಟಿಸಿದೋನ ಕೊರಳೇ ಇಲ್ಲದ ಹಾಡು ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟೀಲಿ 5ನೇ ಸ್ಥಾನಕ್ಕೆ ಹೋಯ್ತು, 1965ರಲ್ಲಿ ರೆಕಾರ್ಡ್ ಆಫ್ ದ ಇಯರ್ ಗ್ರ್ಯಾಮಿ ತಗೊಂಡ್ತು, ಆ ಗ್ರ್ಯಾಮಿ ಸ್ಪರ್ಧೇಲಿ ಬೀಟಲ್ಸ್ ಕೂಡ ಇದ್ರು. ಆಲ್ಬಮ್‌ಗೂ ವರ್ಷದ ಆಲ್ಬಮ್ ಗ್ರ್ಯಾಮಿ ಬಂತು. ಆಸ್ಟ್ರೂಡ್ ಹೆಸರು ಆಲ್ಬಮ್ ಕವರ್ ಮುಂಭಾಗದಲ್ಲೇ ಇಲ್ಲ. ಆಕೆಗೆ ಸಿಕ್ಕಿದ್ದು ಒಂದು ಸೆಷನ್ನಿನ ಮಾಮೂಲಿ ಸಂಭಾವನೆ, 120 ಡಾಲರ್ ಅಂತ ಹೇಳ್ತಾರೆ.

ಆಕೆ ಹಾಡಿಕೆ ಬಗ್ಗೆ ಗಾಯನ ಬಲ್ಲೋರು ಮೂಗು ಮುರೀತಾರೆ. ಸ್ವರ ಒಂಚೂರು ಕೆಳಗೇ ಇರತ್ತೆ, ಭಾವ ಇಲ್ಲ, ಒಣಗಿದೆ ಅಂತ. ನನ್ನ ಪ್ರಕಾರ ಹಾಡು ಉಳಿದಿರೋದೇ ಅದರಿಂದ. ನೋಡೋ ಗಂಡಸಿನ ನಿಟ್ಟುಸಿರನ್ನ ಇಲ್ಲಿ ಹಾಡ್ತಿರೋದು ಒಬ್ಬ ಹೆಂಗಸು, ಅದೂ ತನಗೆ ಸಂಬಂಧ ಇಲ್ಲ ಅನ್ನೋ ತರ, ಹಾದುಹೋಗ್ತಿರೋ ಹುಡುಗೀನೇ ಆ ಕಡೆ ನೋಡ್ದೆ ವರದಿ ಒಪ್ಪಿಸಿದ ಹಾಗೆ. ಇದನ್ನ ಯಾರೂ ಪ್ಲಾನ್ ಮಾಡಿರಲಿಲ್ಲ. ಆಮೇಲೆ ದೊಡ್ಡ ದೊಡ್ಡ ಕೊರಳಿನೋರು ಭಾವ ತುಂಬಿ ತುಂಬಿ ಹಾಡಿದ ಎಷ್ಟೋ ವರ್ಷನ್ ಇದೆ, ನಡುಭಾಗಕ್ಕೆ ಬಂದ ಕೂಡ್ಲೇ ಅಳು ಶುರು ಮಾಡ್ತಾರೆ, ಅಲ್ಲಿ ಸ್ವರವೇ ಆ ಕೆಲಸ ಮಾಡ್ತಿರುವಾಗ ಮೇಲೆ ಇನ್ನೊಂದು ಅಳು ಯಾಕೆ.

ಇಂಗ್ಲಿಷ್ ಸಾಹಿತ್ಯ ನಾರ್ಮನ್ ಗಿಂಬೆಲ್ ಅವರದ್ದು. ಇಪನೇಮಾ ಅನ್ನೋ ಹೆಸರೇ ಬೇಡ, ಇಪಾನಾ ಅಂತ ಅಮೆರಿಕದ ಟೂತ್‌ಪೇಸ್ಟ್ ನೆನಪಾಗತ್ತೆ ಅಂತ ಆತ, ಊರಿನ ಹೆಸರು ತೆಗೆದ್ರೆ ಹಾಡೇ ಬೇಡ ಅಂತ ಜೋಬಿಂ. ಜೋಬಿಂ ಗೆದ್ದಿದ್ದು ಪುಣ್ಯ. ಆದ್ರೆ ಅರ್ಥದಲ್ಲಿ ಸೋತ್ರು. ಪೋರ್ಚುಗೀಸ್ ಹಾಡು ಹುಡುಗಿ ಸಿಗಲಿಲ್ಲ ಅನ್ನೋದ್ರ ಬಗ್ಗೆ ಅಷ್ಟಾಗಿ ಇಲ್ಲ, ಆ ಚೆಲುವು ನನ್ನೊಬ್ಬನದ್ದಲ್ಲ, ಅದು ಹೋಗಿಬಿಡತ್ತೆ, ಅವಳು ನಡೆದಾಗ ಪ್ರೀತಿಯಿಂದ ಲೋಕ ಇನ್ನೂ ಚೆಂದ ಆಗತ್ತೆ ಅಂತ ಏನೇನೋ ಇದೆ. ಇಂಗ್ಲಿಷಲ್ಲಿ ಉಳಿದಿದ್ದು, ಅವಳು ನನ್ನ ಕಡೆ ನೋಡ್ತಿಲ್ಲ.

ಆಲ್ಬಮ್ ಬಂದ ತಿಂಗಳು ಗಮನಿಸಿ, 1964ರ ಮಾರ್ಚ್. ಆ ತಿಂಗಳ ಕೊನೇ ದಿನ ಬ್ರೆಜಿಲ್‌ನಲ್ಲಿ ಸೈನ್ಯ ದಂಗೆ ಎದ್ದು ಸರ್ಕಾರ ಉರುಳಿಸ್ತು, ಮಿಲಿಟರಿ ಆಡಳಿತ 1985ರವರೆಗೆ ನಡೀತು. ಬೋಸಾ ನೋವಾ ಹುಟ್ಟಿದ ಬ್ರೆಜಿಲ್, ಅಂದ್ರೆ ಕುಬಿಚೆಕ್ ಅಧ್ಯಕ್ಷರಾಗಿ ಹೊಸ ರಾಜಧಾನಿ ಕಟ್ಟಿ ‘ಐವತ್ತು ವರ್ಷದ ಪ್ರಗತಿ ಐದೇ ವರ್ಷದಲ್ಲಿ’ ಅಂತಿದ್ದ ಕಾಲದ ಹುರುಪು, ಲೋಕ ಆ ಹಾಡನ್ನ ಗುನುಗೋ ಹೊತ್ತಿಗೆ ಮುಗಿದೇಹೋಗಿತ್ತು. ವಿನೀಸಿಯಸ್‌ನ 1969ರಲ್ಲಿ ಮಿಲಿಟರಿಯೋರು ವಿದೇಶಾಂಗ ಸೇವೆಯಿಂದಾನೇ ತೆಗೆದು ಹಾಕಿದ್ರು. ಬೋಸಾ ನೋವಾ ಒಳಗಿನೋರಿಗೂ ಕಸಿವಿಸಿ ಶುರುವಾಗಿತ್ತು. ಯಾರ ಅಪಾರ್ಟ್‌ಮೆಂಟಲ್ಲಿ ಈ ಹುಡುಗ್ರೆಲ್ಲ ಸೇರ್ತಿದ್ರೋ ಆ ಗಾಯಕಿ ನಾರಾ ಲಿಯಾಂವ್ 1964ರಲ್ಲೇ ಬೀಚಿನ ಹಾಡು ಸಾಕು ಅಂತ ಗುಡ್ಡದ ಮೇಲಿನ ಬಡಬಸ್ತಿಗಳ ಸಾಂಬಾ ಹಾಡೋಕೆ ಹೋದ್ಲು. ಅವಳ ಸಿಟ್ಟಲ್ಲಿ ನ್ಯಾಯ ಇದೆ. ಸಾಂಬಾ ಬಂದಿದ್ದು ರಿಯೋದ ಕಪ್ಪು ಜನರ ಬಡಾವಣೆಗಳಿಂದ, ಅದನ್ನ ಸಮುದ್ರ ಕಾಣೋ ಫ್ಲಾಟಿಗೆ ತಂದು ದನಿ ತಗ್ಗಿಸಿದ್ದು ಅನುಕೂಲಸ್ಥರ ಮಕ್ಕಳು. ಇಷ್ಟು ಗೊತ್ತಿದ್ದೂ ನನಗೆ ಹಾಡಿನ ಮೇಲೆ ಸಿಟ್ಟು ಬರಲ್ಲ, ಆ ಹೆಬ್ಬೆರಳಲ್ಲಿ ಸುರ್ದು ಪೆಟ್ಟು ಇನ್ನೂ ಕೇಳತ್ತೆ.

ಎಲೋ ಕತೆ ಅರ್ಧಕ್ಕೇ ನಿಲ್ಲಿಸಿದ್ದೆ. ಹಾಡು ತನ್ನ ಮೇಲೆ ಅಂತ ಆಕೆಗೇ ಗೊತ್ತಿರಲಿಲ್ಲ, ಹಾಡು ಜಗತ್ತಲ್ಲೆಲ್ಲ ಓಡಾಡಿದ ಮೇಲೆ ವಿನೀಸಿಯಸ್ ಬಾಯಿ ಬಿಟ್ಟಿದ್ದು. ದೊಡ್ಡೋಳಾಗಿ, ಮದ್ವೆಯಾಗಿ ಎಲೋ ಪಿನ್ಯೇರೊ ಆಗಿ, ಸಾವೊ ಪಾಲೋದಲ್ಲಿ ಆ ಹಾಡಿನ ಹೆಸರಲ್ಲೇ ಬಟ್ಟೆ ಅಂಗಡಿ ತೆಗೆದ್ಲು. 2001ರಲ್ಲಿ ಇಬ್ಬರು ಕರ್ತೃಗಳ ವಾರಸುದಾರರು ಆ ಹೆಸರು ಬಳಸಬಾರದು ಅಂತ ಕೇಸ್ ಹಾಕಿದ್ರು. ಹುಡುಗೀನ ಅವಳ ಪಾಡಿಗೆ ಓಡಾಡೋಕೆ ಬಿಡ್ದೆ ಹಾಡು ಮಾಡಿದ್ದು ಇವರು, ಈಗ ಆ ಹುಡುಗಿ ನಾನೇ ಅಂತ ಹೇಳ್ಕೊಳ್ಳೋಕೆ ಇವರ ಅಪ್ಪಣೆ ಬೇಕಂತೆ! ಕೋರ್ಟು ಆಕೆ ಕಡೆ ತೀರ್ಪು ಕೊಡ್ತು, ಓದಿದಾಗ ನಾನು ನಿಜಕ್ಕೂ ಚಪ್ಪಾಳೆ ತಟ್ಟಿದೆ.

ವೆಲೋಸೊ ಬಾರಿಗೆ ಇನ್ನೊಂದು ದಿನ ಬಂತು, 1966ರ ಕೊನೇಲಿ. ಜೋಬಿಂ ಅಲ್ಲಿ ಕೂತಿದ್ದಾಗ ಫೋನ್ ರಿಂಗಾಯ್ತು, ಆ ಕಡೆ ಅಮೆರಿಕದ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ, ಆಲ್ಬಮ್ ಮಾಡೋಣ ಬಾ ಅಂತ. 1967ರಲ್ಲಿ ಬಂದ ಆ ಆಲ್ಬಮ್ಮಲ್ಲಿ ಸಿನಾತ್ರಾ ಕೂಡ ದನಿ ತಗ್ಗಿಸಿದ್ದಾರೆ, ಜೋಬಿಂ ಪಕ್ಕದಲ್ಲಿ ಗಿಟಾರ್. ಈಗ ಬಾರಿನ ಹೆಸರೇ ‘ಗರೋಟಾ ದೆ ಇಪನೇಮಾ’, ರಸ್ತೆ ಹೆಸರು ವಿನೀಸಿಯಸ್ ದ ಮೊರಾಯಿಸ್, ಊರಿನ ಅಂತರರಾಷ್ಟ್ರೀಯ ಏರ್‌ಪೋರ್ಟ್ ಹೆಸರು ಜೋಬಿಂ. 2016ರ ರಿಯೋ ಒಲಿಂಪಿಕ್ಸ್ ಮ್ಯಾಸ್ಕಾಟ್‌ಗೆ ವಿನೀಸಿಯಸ್, ಪ್ಯಾರಾಲಿಂಪಿಕ್ಸ್ ಮ್ಯಾಸ್ಕಾಟ್‌ಗೆ ಟಾಮ್ ಅಂತಾನೇ ಹೆಸರಿಟ್ರು. ಒಲಿಂಪಿಕ್ಸ್ ಉದ್ಘಾಟನೇಲಿ ಜೋಬಿಂ ಮೊಮ್ಮಗ ಡೇನಿಯಲ್ ಪಿಯಾನೊ ಮುಂದೆ ಕೂತು ಇದನ್ನ ಹಾಡಿದ, ಮಾಡೆಲ್ ಜಿಸೆಲ್ ಬುಂಡ್ಚೆನ್ ಮಾರಕಾನಾ ಸ್ಟೇಡಿಯಂ ಆ ತುದಿಯಿಂದ ಈ ತುದಿವರೆಗೆ ನಡೆದಳು.

ಹೊಸದಾಗಿ ಕೇಳೋರು ಸಿಂಗಲ್ ಬಿಟ್ಟು ಆಲ್ಬಮ್ಮಿನ ಪೂರ್ತಿ ವರ್ಷನ್ ಕೇಳಿ. ಮೊದಲು ಜೊವಾವ್, ಆಮೇಲೆ ಆಸ್ಟ್ರೂಡ್, ಆಮೇಲೆ ಗೆಟ್ಜ್ ಸ್ಯಾಕ್ಸೊಫೋನು, ಆಮೇಲೆ ಜೋಬಿಂ ಪಿಯಾನೊ, ಜಿಪುಣತನ ಅನ್ನೋಷ್ಟು ಕಮ್ಮಿ ಸ್ವರ. ಅದಾದ್ಮೇಲೆ ಜೊವಾವ್ 1985ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಒಬ್ನೇ ಗಿಟಾರ್ ಹಿಡ್ಕೊಂಡು ಹಾಡಿದ್ದು ಕೇಳಿ, ಸ್ಯಾಕ್ಸೊಫೋನ್ ಇಲ್ಲ, ಇಂಗ್ಲಿಷ್ ಇಲ್ಲ, ಕೊರಳು ತಾಳದಿಂದ ಇನ್ನೂ ದೂರ ದೂರ ಓಡಾಡತ್ತೆ. ಗಿಟಾರಲ್ಲಿ ಕಲಿಯೋ ಆಸೆ ಇದ್ರೆ ಒಂದು ಎಚ್ಚರ, ನಾನು ಮೇಲೆ ಹೇಳಿದ ಸ್ವರ ಎಲ್ಲ ಎಫ್ ಶ್ರುತಿದು, ಪುಸ್ತಕಗಳಲ್ಲೂ ಎಫ್‌ನಲ್ಲೇ ಕೊಟ್ಟಿರ್ತಾರೆ, ಆದ್ರೆ ಗೆಟ್ಜ್ ಆಲ್ಬಮ್ಮಲ್ಲಿ ಇರೋದು ಡಿ ಫ್ಲಾಟ್. ಜೊತೇಲಿ ನುಡಿಸೋಕೆ ಹೋದ್ರೆ ಮೊದಲ ಸ್ವರಕ್ಕೇ ಕಿತ್ತಾಡ್ಕೊಳತ್ತೆ. ಮತ್ತೆ ಆ ನಡುಭಾಗದ ಹದಿನಾರು ಬಾರು ಮೊದಲು ನಿಧಾನಕ್ಕೆ, ಬರೀ ಹೆಬ್ಬೆರಳಲ್ಲಿ ಮಂದ್ರದ ಸ್ವರ ಮಾತ್ರ ಹಿಡಿದು ಕಲೀರಿ, ಕಾರ್ಡ್ ಎಲ್ಲ ಆಮೇಲೆ ಸೇರಿಸ್ಬೋದು.